ಅತ್ತೆಗೆ ಓದಿ ಹೇಳಿದ ಕಾದಂಬರಿ

ದೊಡ್ಡಬಳ್ಳಾಪುರ
ಗುರುವಾರ

ಪ್ರೀತಿಯ ವಾಣಿ,

ನೀನು ನಮ್ಮ ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಪತ್ರ.

ಕಣ್ಣಿನ ಆಪರೇಷನ್ ಆದಮೇಲೆ ನಿಮ್ಮಮ್ಮ ಟಿವಿ ನೋಡುವಂತಿಲ್ಲ. ದಿನಾ ಸಂಜೆ ಮಗ್ಗ ನಿಲ್ಲಿಸಿ, ಲೈಬ್ರರಿಯಿಂದ ತಂದ ಕಾದಂಬರಿಯೊಂದನ್ನು ಅವರಿಗೆ ಓದಿ ಹೇಳುತ್ತಿದ್ದೆ. ಅದರಲ್ಲೊಬ್ಬ ತಾಯಿ, ಬೇರೆ ಜಾತಿಯವನನ್ನು ಮದುವೆಯಾಗಿ ಬಂದ ಮಗಳನ್ನು ಹೊಸ್ತಿಲು ದಾಟಲು ಬಿಡುವುದಿಲ್ಲ. ಮಗಳು ಬಾಗಿಲಿನಿಂದಲೇ ಹಿಂದಿರುಗುವ ಪುಟ ಬಂದಾಗ ಅತ್ತೆ, “ನಿಲ್ಸಮ್ಮ” ಎಂದರು. ಬೇಕೆಂದೇ ಆ ಪುಸ್ತಕ ತಂದೆನೆಂದು ಬೈಯುತ್ತಾರೇನೋ ಎಂದು ಹೆದರಿದೆ. ಆದರೆ ಅವರು, “ಆವತ್ತು ನಮ್ಮ ವಾಣಿಗೆ ಒಂದ್ಲೋಟ ನೀರೂ ಕೊಡ್ಲಿಲ್ವಲ್ಲಮ್ಮ ನಾನು” ಎಂದರು.

ನಾಲ್ಕು ವರ್ಷದಲ್ಲಿ ಅವರು ನಿನ್ನ ಹೆಸರೆತ್ತಿದ್ದು ಇದೇ ಮೊದಲು.

ಭಾನುವಾರ ಇಬ್ಬರೂ ಬನ್ನಿ. ಒಂದು ವಿಷಯ ನೀನು ಮೊದಲೇ ತಿಳಿಸಬೇಕು. “ಅಳಿಯಂಗೆ ಮುದ್ದೆ ನುಂಗಕ್ಕೆ ಬರ್ತದಾ, ಕೇಳು” ಎಂದಿದ್ದಾರೆ ಅತ್ತೆ.

ನಿನ್ನ ಅತ್ತಿಗೆ,
ಅರುಣಾ