ಗೋಡೆಯಾಚೆಯ ಡ್ರಮ್ಮುಗಳು

ಮಾರ್ಚ್ 3, ಸಂಜೆ

ಇವತ್ತು ಒಂಬತ್ತು ಗ್ಯಾರೇಜು. ಹದಿನಾಲ್ಕು ಕ್ಯಾನು ಹಳೇ ಇಂಜಿನ್ ಆಯಿಲ್. ಒಂದನ್ನು ವಾಪಸ್ ಕೊಟ್ಟೆ. ಕಾದ ತಗಡಿನ ಮೇಲೆ ಎರಡು ಹನಿ ಬಿಟ್ಟರೆ ಚಟಪಟ ಅಂದಿತು, ನೀರು ಬೆರೆತಿದೆ. ನೀರೋ ಪೆಟ್ರೋಲೋ ಸೇರಿದರೆ ಫ್ಯಾಕ್ಟರಿಯವರು ಇಡೀ ಲೋಡ್ ತಿರುಗಿಸಿ ಕಳಿಸುತ್ತಾರೆ. ಬರೀ ಎಣ್ಣೆ ಆದರೆ ಎಷ್ಟು ಕಪ್ಪಾಗಿದ್ದರೂ ಸರಿ. ಕಾಸಿ, ಕೊಳೆ ತೆಗೆದು, ಮತ್ತೆ ಇಂಜಿನ್ನಿಗೆ ಹಾಕುವ ಹಾಗೆ ಮಾಡುತ್ತಾರೆ.

ಕೈ ಉಜ್ಜಿ ಉಜ್ಜಿ ಸಾಕಾಯಿತು. ಉಗುರಿನ ಸಂದಿಯ ಕಪ್ಪು ಹೋಗುವುದಿಲ್ಲ. ಎರಡು ವರ್ಷದ ಹಿಂದೆ ಇದೇ ಸಂದಿಯಲ್ಲಿ ಮಣ್ಣಿರುತ್ತಿತ್ತು.

ಹತ್ತನೇ ಗ್ಯಾರೇಜು ನಮ್ಮ ಗೋಡೆಗೆ ಅಂಟಿಕೊಂಡೇ ಇದೆ. ಅಕ್ಕನ ಗಂಡನದು. ಅಲ್ಲಿ ಆಟೋ ನಿಧಾನ ಮಾಡುತ್ತೇನೆ. ಭಾವ ತಲೆ ಎತ್ತುತ್ತಾರೆ. ಮುಂದೆ ಹೋಗುತ್ತೇನೆ. ದಿನಾ.

ಮಾರ್ಚ್ 9, ಬೆಳಿಗ್ಗೆ

ಕಸಿ ಕಡ್ಡಿಗೆ ಇಟ್ಟಿದ್ದ ಕೊನೆಯ ಸೀಬೆಯ ತಾಯಿಗಿಡ ಕಿತ್ತೆ. ಅಪ್ಪ ನೆಟ್ಟಿದ್ದು. ಎರಡು ಕೈಯಲ್ಲಿ ಎಳೆದರೆ ಸಾಕು, ಬಂದುಬಿಟ್ಟಿತು. ಬೇರು ಅನ್ನುವುದೇ ಇಲ್ಲ, ಕಪ್ಪು ಲೋಳೆ.

ಅಪ್ಪ ರಸ್ತೆ ಕಡೆಯ ಜಾಗ ಅಕ್ಕನಿಗೆ ಕೊಟ್ಟ, ಹಿಂದಿನ ನರ್ಸರಿ ಮತ್ತು ಬಾವಿ ನನಗೆ. ಭಾವ ಗ್ಯಾರೇಜು ಹಾಕಿದರು. ಮೂರು ವರ್ಷದಲ್ಲಿ ಎಲೆ ಹಳದಿಯಾಗಿ ಉದುರುವುದಕ್ಕೆ ಶುರುವಾಯಿತು. ನಾಲ್ಕು ಸಾವಿರ ಸಸಿ. ಔಷಧಿ ಹೊಡೆದೆ, ಗೊಬ್ಬರ ಬದಲಿಸಿದೆ, ನನ್ನ ಕೈಯೇ ಸರಿ ಇಲ್ಲ ಅಂದುಕೊಂಡೆ. ಒಂದು ದಿನ ಬಾವಿಗೆ ಬಗ್ಗಿ ನೋಡಿದರೆ ನೀರಿನ ಮೇಲೆ ಬಣ್ಣಬಣ್ಣದ ಪೊರೆ.

ಕೇಳುವುದಕ್ಕೆ ಹೋದೆ. ಗಿರಾಕಿಗಳೆಲ್ಲ ನಿಂತಿದ್ದರು. ಭಾವ ಅವರ ಕಡೆ ತಿರುಗಿ, "ನೋಡ್ರಪ್ಪಾ, ಗಿಡ ಸಾಕೋಕೆ ಬರ್ದೆ ಇದ್ರೆ ನನ್ನ ಎಣ್ಣೆ ಮೇಲೆ ಹಾಕ್ತಾಳೆ" ಅಂದರು. ಎಲ್ಲರೂ ನಕ್ಕರು. ದೂರು ಕೊಟ್ಟೆ. ಮಾಲಿನ್ಯ ಇಲಾಖೆಯವರು ಬಂದು ಗೋಡೆಯುದ್ದಕ್ಕೂ ನೋಡಿದರು. ಎಣ್ಣೆ ಬಿಡುವ ಪೈಪು ಎಲ್ಲೂ ಸಿಗಲಿಲ್ಲ. ಹೋದರು.

ಆ ನಗು ಇನ್ನೂ ಕಿವಿಯಲ್ಲಿದೆ. ಎಣ್ಣೆ ಸಂಗ್ರಹದ ತರಬೇತಿಗೆ ಅದನ್ನು ಇಟ್ಟುಕೊಂಡೇ ಹೋದೆ. ಊರಿಗೆಲ್ಲ ಒಂದೇ ಪರವಾನಗಿ. ನನ್ನ ಹೆಸರಿನಲ್ಲಿ.

ಏಪ್ರಿಲ್ 2

ಹೊಸ ನಿಯಮ ಬಂತು. ಹಳೇ ಎಣ್ಣೆ ಪರವಾನಗಿ ಇದ್ದವರಿಗೇ ಕೊಡಬೇಕು, ಚೀಟಿ ಇಟ್ಟಿರಬೇಕು. ಇಲ್ಲದಿದ್ದರೆ ಗ್ಯಾರೇಜಿಗೆ ಬೀಗ. ಮೂರು ಸಲ ಓದಿದೆ. ಹೊಟ್ಟೆ ತಣ್ಣಗಾಯಿತು.

ಮಧ್ಯಾಹ್ನವೇ ಭಾವನ ಫೋನು.

"ಏನಮ್ಮಾ ಗಿಡದಮ್ಮ, ನಮ್ಮ ಕಡೆ ಬರೋದೇ ಇಲ್ವಲ್ಲ? ನಾಲ್ಕು ಡ್ರಮ್ ಇದೆ, ಎತ್ಕೊಂಡ್ ಹೋಗು."

"ಆಟೋದಲ್ಲಿ ಜಾಗ ಇಲ್ಲ ಭಾವ."

"ನಾಳೆ?"

"ನಾಳೇನೂ ಇರಲ್ಲ."

ಇಟ್ಟುಬಿಟ್ಟೆ.

ಏಪ್ರಿಲ್ 19

ತಾರಸಿಯಿಂದ ಭಾವನ ಡ್ರಮ್ಮು ಎಣಿಸಿದೆ. ಹನ್ನೊಂದು. ನಾನು ದೂರು ಕೊಟ್ಟ ಮೇಲೆ ಇಟ್ಟಿಗೆ ಭಟ್ಟಿಯವನು ಉರಿಸುವುದಕ್ಕೆ ಒಯ್ಯುತ್ತಿದ್ದನಂತೆ, ಈಗ ಅವನೂ ಹೆದರಿ ಬೇಡ ಅಂದನಂತೆ. ಭಾವ ಗೆದ್ದಲು ಹಿಡಿಯದಿರಲಿ ಅಂತ ಬೇಲಿಯ ಗೂಟಗಳಿಗೆಲ್ಲ ಆ ಎಣ್ಣೆ ಬಳಿಸಿದ್ದಾರೆ. ಎಷ್ಟು ಗೂಟ ಅಂತ ಬಳಿಯುತ್ತಾರೆ?

ಮೇ 6, ಬೆಳಿಗ್ಗೆ 8

ಇಪ್ಪತ್ತಮೂರು. ಕಾಫಿ ಲೋಟ ಹಿಡಿದುಕೊಂಡು ಎಣಿಸುವುದು ರೂಢಿಯಾಗಿಬಿಟ್ಟಿದೆ. ಕಾರು ನಿಲ್ಲಿಸುವುದಕ್ಕೂ ಜಾಗವಿಲ್ಲ, ಗಿರಾಕಿಗಳು ವಾಪಸ್ ಹೋಗುತ್ತಿದ್ದಾರೆ. ಭಾವ ಡ್ರಮ್ಮುಗಳ ನಡುವೆ ಅಡ್ಡಡ್ಡ ನಡೆಯುತ್ತಾರೆ, ಹೊಟ್ಟೆ ತಾಗುತ್ತದೆ. ನಗು ಬಂತು. ಜೋರಾಗಿಯೇ ನಕ್ಕೆ. ಕೇಳಿಸಲಿ ಅಂತಲೇ.

ಮೇ 14, ಮಧ್ಯಾಹ್ನ

ಅಕ್ಕ ಬಂದಿದ್ದಳು. ಒಂದೂವರೆ ವರ್ಷದ ಮೇಲೆ. ಒಳಗೆ ಬಾ ಅನ್ನಲಿಲ್ಲ. ಅವಳೇ ಬಂದು ಕೂತಳು.

"ತಗೊಂಡ್ ಹೋಗೇ. ಅವರ ಮುಖ ನೋಡ್ಬೇಡ, ನನ್ನ ಮುಖ ನೋಡು."

"ನನ್ನ ಗಿಡ ಸಾಯ್ವಾಗ ನೀನು ಯಾರ ಮುಖ ನೋಡ್ತಿದ್ದೆ?"

ಸೆರಗಿನ ತುದಿ ಸುತ್ತುತ್ತಿದ್ದಳು. ಆಮೇಲೆ ನೆಲ ನೋಡಿಕೊಂಡೇ ಅಂದಳು —

"ಅವರು ಹಳೇ ಎಣ್ಣೆನ ರಸ್ತೆ ಚರಂಡಿಗೆ ಬಿಡೋಣ ಅಂದಿದ್ರು. ಹಿಂದಕ್ಕೆ ಬಿಡಿ ಅಂದಿದ್ದು ನಾನು. ಪೈಪು ನಮ್ಮ ಬಟ್ಟೆ ಒಗೆಯೋ ಕಲ್ಲಿನ ಕೆಳಗಿದೆ. ಈಗ್ಲೂ."

ನನಗೆ ಸರಿಯಾಗಿ ಕೇಳಿಸಲಿಲ್ಲ ಅಂದುಕೊಂಡೆ.

"ಯಾಕೆ?"

"ಅಪ್ಪ ನಿನ್ನ ಪಕ್ಕ ಕೂರಿಸ್ಕೊಂಡು ಕಸಿ ಕಟ್ಟೋದು ಕಲಿಸ್ದ. ನನಗೆ ಹತ್ತು ವರ್ಷ ಬಾವಿಯಿಂದ ನೀರು ಹೊರ್ಸಿದ. ಒಂದು ಗಿಡದ ಹೆಸರೂ ಹೇಳ್ಕೊಡ್ಲಿಲ್ಲ. ಇಷ್ಟೊಂದು ಸಾಯತ್ತೆ ಅಂತ ಗೊತ್ತಿರ್ಲಿಲ್ಲ ಕಣೇ... ಒಂದೆರಡು ಸಾಯ್ಲಿ ಅಂತ ಇತ್ತು."

ಎದ್ದು ಹೋಗು ಅಂದೆ. ಹೋದಳು. ಚಪ್ಪಲಿ ಮೆಟ್ಟಿಕೊಳ್ಳುವಾಗ ಗೋಡೆ ಹಿಡಿದುಕೊಂಡಳು.

ಮೇ 15

ದೂರು ಬರೆದೆ. ಮೂರೇ ಸಾಲು. ಕಲ್ಲಿನ ವಿಷಯವನ್ನೂ.

ಜೂನ್ 11, ಸಂಜೆ

ಇಷ್ಟು ದಿನ ಬರೆಯಲಿಲ್ಲ. ತಾರಸಿಗೂ ಹೋಗಲಿಲ್ಲ.

ಇವತ್ತು ಬಂದರು. ಇನ್‌ಸ್ಪೆಕ್ಟರ್ ಮೇಡಂ, ಇಬ್ಬರು ಆಳು, ಹಾರೆ. ಭಾವ ಮೊದಲು ಜೋರು ಮಾಡಿದರು. ಆಳುಗಳು ಒಗೆಯುವ ಕಲ್ಲಿನ ಹತ್ತಿರ ಹೋದಾಗ ಹಿಂದೆ ಸರಿದು ನಿಂತರು. ಕಲ್ಲು ಎಬ್ಬಿಸಿದರೆ ಗೋಡೆಯಡಿ ನಮ್ಮ ಕಡೆ ನುಗ್ಗಿದ ಪೈಪು, ಬಾಯಿಗೆ ಚಿಂದಿ ತುರುಕಿದೆ. ಮೇಡಂ ಚಿಂದಿ ಎಳೆದರು. ಇನ್ನೂ ಹನಿಯುತ್ತಿತ್ತು.

ಭಾವ ನನ್ನನ್ನು ನೋಡಲಿಲ್ಲ. ಅಕ್ಕನನ್ನು ನೋಡಿದರು. ಹಾಗೆ ಒಬ್ಬರು ಇನ್ನೊಬ್ಬರನ್ನು ನೋಡುವುದನ್ನು ನಾನು ಕಂಡಿಲ್ಲ. "ನೀನಾ?" ಅಷ್ಟೇ. ಸ್ಕೂಟರ್ ಹತ್ತಿ ಹೊರಟುಹೋದರು.

ಗ್ಯಾರೇಜಿಗೆ ಬೀಗ. ಅಕ್ಕ ಮನೆಯ ಮೆಟ್ಟಿಲ ಮೇಲೆ. ನಾನು ಗೋಡೆಯ ಈಚೆ. ಎರಡು ವರ್ಷ ಕಾದ ದಿನ. ಚೆನ್ನಾಗಿತ್ತು. ಸುಳ್ಳು ಯಾಕೆ ಬರೆಯಲಿ, ಚೆನ್ನಾಗಿಯೇ ಇತ್ತು. ಊಟ ಮಾತ್ರ ಇಳಿಯಲಿಲ್ಲ.

ಜೂನ್ 16

ಆದೇಶ ಬಂದಿದೆ. ಮೂವತ್ತು ಡ್ರಮ್ಮನ್ನೂ ಹತ್ತು ದಿನದೊಳಗೆ ಪರವಾನಗಿ ಇರುವವರು ಸಾಗಿಸಬೇಕು. ಅಂದರೆ ನಾನು. ಇಲ್ಲ ಅಂದರೆ ಪರವಾನಗಿ ರದ್ದು. ಮೇಡಂಗೆ ಫೋನ್ ಮಾಡಿ ಬೇರೆಯವರಿಗೆ ಹೇಳಿ ಅಂದೆ. "ಬೇರೆ ಯಾರಿದ್ದಾರಮ್ಮಾ?" ಅಂದರು.

ಜೂನ್ 22, ಸಂಜೆ 6

ಮೂರನೇ ದಿನ. ಲಾರಿ ಬಾಡಿಗೆಗೆ ತಂದೆ, ಆಳು ಒಬ್ಬರೂ ಸಿಗಲಿಲ್ಲ. ಮೊದಲ ದಿನ ಒಬ್ಬಳೇ ಡ್ರಮ್ ಉರುಳಿಸುತ್ತಿದ್ದೆ, ಹಲಗೆ ಹತ್ತಿಸುವಾಗ ಜಾರಿತು. ಕಾಲ ಮೇಲೆ ಬೀಳಬೇಕು — ಇನ್ನೆರಡು ಕೈ ಹಿಡಿಯಿತು. ಅಕ್ಕ. ಆವತ್ತಿನಿಂದ ಇಬ್ಬರೂ ಉರುಳಿಸುತ್ತಿದ್ದೇವೆ. ಅವಳ ತೋಳಿನಲ್ಲಿ ನನಗಿಂತ ಬಲವಿದೆ. ಹತ್ತು ವರ್ಷ ನೀರು ಹೊತ್ತ ತೋಳು.

ಭಾವ ಇನ್ನೂ ಬಂದಿಲ್ಲ. ಎಲ್ಲಿದ್ದಾರೆ ಅಂತ ನಾನು ಕೇಳಲಿಲ್ಲ.

ಇವತ್ತು ಲಾರಿ ಹೊರಟ ಮೇಲೆ ಚೀಟಿಗೆ ಸಹಿ ಹಾಕುತ್ತ ಅಕ್ಕ ಕೇಳಿದಳು.

"ಇದು ನಿಜವಾಗ್ಲೂ ಮತ್ತೆ ಹೊಸದಾಗತ್ತಾ?"

"ಆಗತ್ತೆ."

"ಮಣ್ಣು?"

ಚೀಟಿ ಮಡಚಿ ಇಟ್ಟುಕೊಂಡೆ. ಗೊತ್ತಿದ್ದರೆ ತಾನೆ ಹೇಳುವುದು. ಇಪ್ಪತ್ತು ವರ್ಷ ಅನ್ನುತ್ತಾರೆ ಕೆಲವರು.

ಕ್ಷಮಿಸಿದೆ ಅಂತ ಬರೆದು ಹೊಡೆದು ಹಾಕಿದೆ. ಕ್ಷಮಿಸಿಲ್ಲ. ಅವಳು ಸೋಪು ಹಚ್ಚಿ ಕೈ ಉಜ್ಜುವಾಗ ಉಗುರಿನ ಕಪ್ಪು ಹೋಗಲಿಲ್ಲ, ನೋಡುತ್ತ ನಿಂತಿದ್ದೆ, ಸೀಮೆಎಣ್ಣೆಯಲ್ಲಿ ಒರೆಸಿದರೆ ಸ್ವಲ್ಪ ಬಿಡುತ್ತದೆ ಅಂತ ಗೊತ್ತಿದ್ದೂ ಹೇಳಲಿಲ್ಲ.

ಇನ್ನು ಆರು ಡ್ರಮ್ಮು. ಬೆಳಿಗ್ಗೆ ಏಳಕ್ಕೇ ಬರುತ್ತೇನೆ ಅಂದಿದ್ದಾಳೆ. ಬಂದರೆ ಸೀಮೆಎಣ್ಣೆಯ ವಿಷಯ ಹೇಳುತ್ತೇನೋ ಏನೋ.