ಕೆಂಪು ಚುಕ್ಕೆಯ ಕಲ್ಲು

ಹಳ್ಳಿಮೈಸೂರು

ಭೂವಿಜ್ಞಾನದ ಆರತಿ ಮೇಡಂ ಅವರಿಗೆ ಚಲುವರಾಜು ಮಾಡುವ ನಮಸ್ಕಾರ.

ಕಳೆದ ವಾರ ವಿದ್ಯಾರ್ಥಿಗಳೊಂದಿಗೆ ಬಂದು ನಮ್ಮ ಹೊಲದ ಮೂಲೆಯಿಂದ ಕೆಂಪು ಚುಕ್ಕೆಯ ಕಲ್ಲೊಂದನ್ನು ಒಯ್ದಿರಿ. “ಒಂದ್ಯಾಕೆ ಮೇಡಂ, ಎಲ್ಲ ತಗೊಂಡೋಗಿ, ಟ್ರ್ಯಾಕ್ಟರ್‌ಗೂ ಸಲೀಸು” ಎಂದವನು ನಾನೇ. ನಾನು ಬಿ.ಎ. ಓದಿ ಹೊಲ ಸೇರಿದೆ, ಕಲ್ಲು ಹೊಲ ಬಿಟ್ಟು ಕಾಲೇಜು ಸೇರಿದೆ ಎಂದು ಪ್ರಾಸ ಕಟ್ಟಿ ಅವ್ವನಿಗೆ ಹೇಳಿದೆ. ಅವ್ವ ನಗಲಿಲ್ಲ.

“ಅದು ನಿಮ್ಮಕ್ಕನ್ನ ಮಣ್ಣು ಮಾಡಿದ್ ಜಾಗದ ಕಲ್ಲು ಕಣ್ಲಾ. ಕೆಂಪುಕಲ್ಲಿನ ವಾಲೆ ಆಕೋಕ್ ಮುಂಚೇನೇ ಓಗ್ಬುಟ್ಲು ಅಂತ ನಿಮ್ಮಪ್ಪ ಉಡುಕಿ ತಂದಿಟ್ಟಿದ್ದು” ಎಂದಳು.

ನನಗಿಂತ ಮೊದಲು ಒಬ್ಬ ಅಕ್ಕ ಹುಟ್ಟಿದ್ದಳೆಂದು ತಿಳಿದದ್ದೇ ಆಗ, ನನ್ನ ನಲವತ್ತಾರನೇ ವಯಸ್ಸಿನಲ್ಲಿ.

ಶನಿವಾರ ಹಾಸನಕ್ಕೆ ಬರುತ್ತೇನೆ. ಅಂಥದೇ ಚುಕ್ಕೆಯ ಬೇರೊಂದು ಕಲ್ಲನ್ನು ಗೋಣಿಚೀಲದಲ್ಲಿ ತರುತ್ತೇನೆ. ದಯವಿಟ್ಟು ಅದನ್ನು ಇಟ್ಟುಕೊಂಡು ನೀವು ಒಯ್ದದ್ದನ್ನು ಕೊಡಿ. ಪರೀಕ್ಷೆಗೆಂದು ಚೂರು ಕತ್ತರಿಸಿದ್ದರೆ ಆ ಚೂರೂ ಬೇಕು.

ನೀವು ಕಳಿಸಿದ ಫೋಟೊದಲ್ಲಿ ಕಲ್ಲಿಗೆ ‘ಗಾರ್ನೆಟ್ (ಕೆಂಪು ಹರಳು), ವಯಸ್ಸು ಮುನ್ನೂರು ಕೋಟಿ ವರ್ಷ’ ಎಂಬ ಚೀಟಿ ಅಂಟಿಸಿದೆ. ಆ ಚೀಟಿಯನ್ನು ಹೊಸ ಕಲ್ಲಿಗೆ ಅಂಟಿಸಿಕೊಳ್ಳಿ. ಅಕ್ಕನ ವಯಸ್ಸು ಎಂಟು ತಿಂಗಳಂತೆ.

ಇಂತಿ,
ಕಲ್ಲು ಕೊಟ್ಟು ಕೇಳುತ್ತಿರುವ
ಚಲುವರಾಜು