ಪಕ್ಕದ ಸೀಟು

ನರಿನ್,
ಮೊದಲ ಹಿಮ ಬಿದ್ದ ಮರುದಿನ

ಅಪ್ಪಾ,

ಅಮ್ಮ ಇದನ್ನು ಓದಿ ಹೇಳುವಾಗ ನಡುವೆ ಬಾಯಿ ಹಾಕಬೇಡಿ. ಗಾಡಿ ಕೊಂಡೆ. ಹಳೆಯದೇ, ಆದರೆ ಆರು ಸಿಲಿಂಡರಿನದು.

ನೀವು ಕಲಿಸಿದಂತೆ ಮೊದಲು ಬಾನೆಟ್ ಮುಟ್ಟಿದೆ. ಬೆಚ್ಚಗಿತ್ತು, ಮಾರುವವನು ಮೊದಲೇ ಎಂಜಿನ್ ಕಾಯಿಸಿಟ್ಟಿದ್ದ. "ತಣ್ಣಗಾಗ್ಲಿ, ಇಲ್ಲೇ ಕೂತಿರ್ತೀನಿ" ಅಂದೆ. "ಯಾವ ಡ್ರೈವರ್ ಮಗಳಮ್ಮಾ ನೀನು?" ಎಂದು ನಕ್ಕು ಚಹಾ ಕೊಟ್ಟ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಆ ಚಳಿಯಲ್ಲೂ ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.

ನಿಮ್ಮ ಕಣ್ಣಿನ ಪೊರೆ ತೆಗೆಸಲು ಶುಕ್ರವಾರ ಬಿಷ್ಕೆಕ್‌ಗೆ ಹೊರಡೋಣ, ನಾನೇ ಬಂದು ಕರೆದೊಯ್ಯುತ್ತೇನೆ. ಮೂವತ್ತು ವರ್ಷ ದೊಲೋನ್ ಘಾಟಿಯಲ್ಲಿ ಲಾರಿ ಓಡಿಸಿದವರು, "ಇನ್ನೊಬ್ಬರ ಪಕ್ಕ ಕೂರಲ್ಲ" ಅನ್ನುತ್ತೀರಿ. ನಾನೇನು ಇನ್ನೊಬ್ಬಳೇ? ಪಕ್ಕದ ಸೀಟಿಗೆ ಉಣ್ಣೆಯ ಮೆತ್ತೆ ಹಾಕಿದ್ದೇನೆ. ಇಳಿಜಾರಿನಲ್ಲಿ ನಿಮ್ಮ ಬಲಗಾಲು ಸುಮ್ಮನಿರುವುದಿಲ್ಲ, ಗೊತ್ತು. ಆ ಕಡೆ ಬ್ರೇಕ್ ಇಲ್ಲ ಅಪ್ಪಾ. ಆದರೂ ಒತ್ತಿ, ನಾನು ನಿಧಾನ ಮಾಡುತ್ತೇನೆ.

ನಿಮ್ಮ
ಜಿಪಾರಾ